ಮಾಮೂಲಿ ಡಾಕ್ಟರ್ ಇದ್ದರೂ, ಇಲ್ಲದಿದ್ದರೂ: ಕೋಲಾರ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ. ಈ ಆರೂ ತಾಲ್ಲೂಕಿನಲ್ಲಿ ಆಸ್ಪತ್ರೆಯೇ ಇಲ್ಲ ಅನ್ನುವ ಹಾಗಿಲ್ಲ. ಆದರೂ ಮನೆಯಲ್ಲಿ ಒಬ್ಬರು ಹುಷಾರು ತಪ್ಪಿದರೆ ಎಲ್ಲಿಗೆ ಹೋಗುವುದು, ಯಾರಿಗೆ ತೋರಿಸುವುದು ಅನ್ನುವುದರಲ್ಲೇ ಅರ್ಧ ದಿನ ಹೋಗುತ್ತದೆ. ನೆಂಟರು, ಅಕ್ಕಪಕ್ಕದವರು, ಡೈರಿಗೆ ಹಾಲು ಹಾಕಲು ಬಂದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕಾಯಿಲೆಗೆ ಔಷಧಿ ಹೇಳಬೇಕಾದವರು ಡಾಕ್ಟರೇ. ಅವರ ಹತ್ತಿರ ಸರಿಯಾದ ಹೊತ್ತಿಗೆ ತಲುಪಲು ಬೇಕಾದ ಮಾಹಿತಿ ಮಾತ್ರ ಇಲ್ಲಿದೆ.

ನಮಗೆ ಅಂತ ಒಬ್ಬ ಡಾಕ್ಟರ್ ಇರಲೇಬೇಕಾ? ಹುಷಾರಿಲ್ಲದಾಗ ಹತ್ತಿರ ಸಿಕ್ಕವರಿಗೆ ತೋರಿಸಿದರೆ ಸಾಲದಾ?

ನೆಗಡಿ, ಸಣ್ಣ ಜ್ವರಕ್ಕೆ ಯಾರಿಗೆ ತೋರಿಸಿದರೂ ನಡೆಯುತ್ತದೆ. ಶುಗರ್, ಬಿಪಿ, ಥೈರಾಯ್ಡ್, ಆಸ್ತಮಾ ಇರುವವರಿಗೆ, ಪುಟ್ಟ ಮಕ್ಕಳಿರುವ ಮನೆಗೆ, ಅರವತ್ತು ದಾಟಿದವರಿಗೆ ಹಾಗಲ್ಲ. ಅವರಿಗೆ ಗುರುತಿನ ಡಾಕ್ಟರ್ ಒಬ್ಬರು ಇರಬೇಕು. ಹೋದ ವರ್ಷ ಯಾವ ಮಾತ್ರೆಗೆ ಮೈಮೇಲೆಲ್ಲ ಗಂಧೆ ಎದ್ದಿತ್ತು, ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾರು ಮಾತ್ರೆ ಸರಿಯಾಗಿ ನುಂಗುವುದಿಲ್ಲ, ಇದೆಲ್ಲ ಗುರುತಿನವರಿಗೆ ಕೇಳದೆಯೇ ಗೊತ್ತಿರುತ್ತದೆ.

ನಮ್ಮ ಜಿಲ್ಲೆಯದೇ ಒಂದು ಮಾತು ನೋಡಿ. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಗಣಿಯೊಳಗೆ ಇಳಿದು ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಕೆಮ್ಮು ಅಂತ ಹೊಸ ಕ್ಲಿನಿಕ್ಕಿಗೆ ಹೋದರೆ ಬರೀ ಸಿರಪ್ ಬರೆದುಕೊಟ್ಟು ಕಳಿಸಬಹುದು. ಅವರ ಕೆಲಸ ಏನಿತ್ತು ಅಂತ ಗೊತ್ತಿರುವ ಡಾಕ್ಟರ್ ಆದರೆ ಎಕ್ಸ್‌ರೇ ತೆಗೆಸುತ್ತಾರೆ, ಕಫ ಪರೀಕ್ಷೆಗೆ ಬರೆಯುತ್ತಾರೆ. ಕಲ್ಲಿನ ದೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದು ಇದ್ದವರಿಗೆ ಟಿಬಿ ಅಂಟುವ ಸಾಧ್ಯತೆ ಜಾಸ್ತಿ. ಕಲ್ಲು ಕ್ವಾರಿ, ಕ್ರಷರ್‌ನಲ್ಲಿ ದುಡಿಯುವವರಿಗೂ ಇದೇ ಮಾತು. ಗುರುತಿನ ಡಾಕ್ಟರ್ ಇಲ್ಲದಿದ್ದರೆ, ಕೂತ ತಕ್ಷಣ ನಿಮ್ಮ ಕೆಲಸ ಏನು ಅಂತ ನೀವೇ ಹೇಳಿಬಿಡಿ.

ನಮ್ಮ ಹಳೇ ಡಾಕ್ಟರ್ ಕ್ಲಿನಿಕ್ ಮುಚ್ಚಿಬಿಟ್ಟರು. ಹೊಸಬರನ್ನು ಹೇಗೆ ಹುಡುಕುವುದು?

ಹುಷಾರಾಗಿರುವಾಗಲೇ ಹುಡುಕಿ. ಜ್ವರ 103 ಇರುವಾಗ ಹುಡುಕಾಡಲು ಆಗುವುದಿಲ್ಲ. ಬಿಪಿ ನೋಡಿಸಿಕೊಳ್ಳುವ ನೆಪದಲ್ಲಿ ಒಂದು ಸಲ ಹೋಗಿ ಬನ್ನಿ.

ಎಂಬಿಬಿಎಸ್ ಮಾಡಿದ ಒಳ್ಳೆಯ ಡಾಕ್ಟರ್ ಸಾಕು. ಎಂಡಿ ಅಂತ ಇದ್ದರೆ ಒಳ್ಳೆಯದೇ, ಆದರೆ ಬೋರ್ಡಿನ ಮೇಲಿನ ಅಕ್ಷರಕ್ಕಿಂತ ಅವರು ಹೇಗೆ ನೋಡುತ್ತಾರೆ ಅನ್ನುವುದನ್ನು ಗಮನಿಸಿ. ನೀವು ಹೇಳುವುದನ್ನು ಪೂರ್ತಿ ಕೇಳುತ್ತಾರಾ? ಮುಟ್ಟಿ ಪರೀಕ್ಷೆ ಮಾಡುತ್ತಾರಾ? ಮೊದಲು ಏನು ಮಾತ್ರೆ ತಗೊಳ್ತಿದ್ದೀರಿ ಅಂತ ಕೇಳುತ್ತಾರಾ? ಚೀಟಿ ಬರೆದುಕೊಡುತ್ತಾರಾ? ತಮ್ಮಿಂದ ಆಗದಿದ್ದಾಗ 'ಇದಕ್ಕೆ ಇಂಥಲ್ಲಿಗೆ ಹೋಗಿ' ಅಂತ ಕಳಿಸುತ್ತಾರಾ? ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗುಣ. ಎಲ್ಲದಕ್ಕೂ ತಾವೇ ಔಷಧಿ ಕೊಡುವವರನ್ನು ಕಂಡರೆ ನನಗೆ ಭಯ.

ಇನ್ನೊಂದು ಮಾತು. ಹತ್ತಿರ ಇರುವವರನ್ನು ಆರಿಸಿ. ಬಸ್ಸು ಹಿಡಿದು ಎರಡು ಗಂಟೆ ಹೋಗಬೇಕಾದರೆ ಬಿಪಿ ಚೆಕ್ ಮಾಡಿಸಲು ಯಾರೂ ಹೋಗುವುದಿಲ್ಲ.

ಸರ್ಕಾರಿ ಪಿಎಚ್‌ಸಿ ಡಾಕ್ಟರನ್ನೇ ನಮ್ಮ ಡಾಕ್ಟರ್ ಅಂತ ಇಟ್ಟುಕೊಳ್ಳಬಹುದಾ?

ಖಂಡಿತ. ಪ್ರಾಥಮಿಕ ಆರೋಗ್ಯ ಕೇಂದ್ರ ಇರುವುದೇ ಅದಕ್ಕೆ. ಸುಮಾರು 30,000 ಜನರಿಗೆ ಒಂದು ಪಿಎಚ್‌ಸಿ, 5,000 ಜನರಿಗೆ ಒಂದು ಉಪಕೇಂದ್ರ ಅನ್ನುವ ಲೆಕ್ಕದಲ್ಲಿ ಇವನ್ನು ಮಾಡಿದ್ದಾರೆ. ಡಾಕ್ಟರ್, ನರ್ಸ್, ಲ್ಯಾಬ್, ಔಷಧಿ ಎಲ್ಲ ಒಂದೇ ಕಡೆ ಸಿಗಬೇಕು ಅನ್ನುವುದು ಉದ್ದೇಶ. ಊರಿನಲ್ಲಿ ಆಶಾ ಕಾರ್ಯಕರ್ತೆ ಇರುತ್ತಾರೆ. ಯಾರ ಮನೆಯಲ್ಲಿ ಬಸುರಿ ಇದ್ದಾರೆ, ಯಾವ ಮಗುವಿಗೆ ಚುಚ್ಚುಮದ್ದು ತಪ್ಪಿದೆ, ಯಾರು ಶುಗರ್ ಮಾತ್ರೆ ಬಿಟ್ಟಿದ್ದಾರೆ ಅನ್ನುವುದು ಅವರ ಪುಸ್ತಕದಲ್ಲಿದೆ. ಇಷ್ಟು ಹತ್ತಿರದಿಂದ ನಿಮ್ಮನ್ನು ಬಲ್ಲವರು ಯಾವ ದೊಡ್ಡ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಪಟ್ಟಣದಲ್ಲಿರುವವರಿಗೆ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ಗಳಿವೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಇವು ಶುರುವಾದವು. ಸಣ್ಣಪುಟ್ಟ ಕಾಯಿಲೆಗೆ ದೊಡ್ಡಾಸ್ಪತ್ರೆಯ ಕ್ಯೂನಲ್ಲಿ ನಿಲ್ಲಬೇಕಾಗಿಲ್ಲ.

ಆದರೆ ಪಿಎಚ್‌ಸಿ ಡಾಕ್ಟರ್ ಆಗಾಗ ವರ್ಗ ಆಗಿ ಹೋಗ್ತಾರಲ್ಲ?

ಹೌದು, ಆಗುತ್ತಾರೆ. ಕೆಲವು ಕಡೆ ತಿಂಗಳುಗಟ್ಟಲೆ ಆ ಜಾಗಕ್ಕೆ ಬೇರೆಯವರು ಬರುವುದೇ ಇಲ್ಲ. ಇದು ನಿಜವಾದ ತೊಂದರೆ, ಇದನ್ನು ಗ್ರಾಮ ಪಂಚಾಯಿತಿ ಸಭೆಯಲ್ಲಿ ಎತ್ತಿ ಹಿಡಿದು ಕೇಳಬೇಕು. ಅಲ್ಲಿಯ ತನಕ ನಿಮ್ಮನ್ನು ಕಾಪಾಡುವುದು ನಿಮ್ಮ ಕೈಯಲ್ಲಿರುವ ಫೈಲು.

ಫೈಲಿನಲ್ಲಿ ಏನೇನು ಇರಬೇಕು?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಗುರುತಿನ ಡಾಕ್ಟರ್ ಇಲ್ಲದವರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತವರ ಕೈ ನೋಡಿ. ಜವಳಿ ಅಂಗಡಿಯ ಕವರ್ ಇರುತ್ತದೆ. ಒಳಗೆ ನಾಲ್ಕು ಎಕ್ಸ್‌ರೇ, ಸುರುಳಿ ಸುತ್ತಿದ ಸ್ಕ್ಯಾನಿಂಗ್ ಫಿಲಂ, ಲ್ಯಾಬಿನ ಬಿಲ್ಲು, ಮೆಡಿಕಲ್ ಶಾಪಿನ ಬಿಲ್ಲು, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ. ಅಕ್ಷರ ಅಳಿಸಿಹೋದ ಇಸಿಜಿ ಕಾಗದ ಒಂದು ಇರುತ್ತದೆ. ಇರಬೇಕಾದ ಡಿಸ್ಚಾರ್ಜ್ ಕಾಗದ ಮಾತ್ರ ಮನೆಯ ಬೀರುವಿನಲ್ಲಿ ಉಳಿದಿರುತ್ತದೆ. ಒಳಗೆ ಡಾಕ್ಟರ್ ಮುಂದೆ ಆ ಕವರ್ ತಲೆಕೆಳಗು ಮಾಡುವಷ್ಟರಲ್ಲಿ ನಿಮ್ಮ ಸಮಯ ಮುಗಿದಿರುತ್ತದೆ.

ಹೀಗೆ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿ, ಎಲ್ಲರದ್ದೂ ಬೆರೆಸಬೇಡಿ. ಮೇಲಿನ ಮೊದಲ ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ: ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ಅದು ಯಾವ ವರ್ಷದಿಂದ, ಆಗಿರುವ ಆಪರೇಷನ್, ಒಗ್ಗದ ಔಷಧಿ. ಒಗ್ಗದ ಔಷಧಿಯ ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಅದರ ಕೆಳಗೆ ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಎಷ್ಟು ಎಂಜಿ, ಎಷ್ಟು ಹೊತ್ತಿಗೆ. ಮಾತ್ರೆ ಬದಲಾದಾಗ ಹಳೆಯದನ್ನು ಹೊಡೆದು ಹಾಕಿ ಹೊಸದನ್ನು ಬರೆಯಿರಿ. 'ಬಿಳಿ ಬಣ್ಣದ ಸಣ್ಣ ಮಾತ್ರೆ' ಅಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಅದರ ಹಿಂದೆ ಡಿಸ್ಚಾರ್ಜ್ ಕಾಗದ, ಆಮೇಲೆ ಚೀಟಿಗಳು, ಆಮೇಲೆ ಲ್ಯಾಬ್ ರಿಪೋರ್ಟು. ಹೊಸದು ಮೇಲೆ ಇರಲಿ. ಇಸಿಜಿ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸುತ್ತದೆ, ಅದನ್ನು ಜೆರಾಕ್ಸ್ ಮಾಡಿಸಿಡಿ. ಹಳೇ ಇಸಿಜಿ ಇದ್ದರೆ ಎದೆನೋವು ಬಂದಾಗ ಡಾಕ್ಟರ್ ಎರಡನ್ನೂ ಹೋಲಿಸಿ ನೋಡುತ್ತಾರೆ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ವಾಟ್ಸಾಪ್ ಮಾಡಿ. ಸರ್ಕಾರ ಕೊಡುವ ಆರೋಗ್ಯ ಗುರುತಿನ ಸಂಖ್ಯೆ, ಅಂದರೆ ಆಭಾ ನಂಬರ್ ಮಾಡಿಸಿಕೊಂಡರೆ ಅದಕ್ಕೆ ಜೋಡಿಸಿದ ದಾಖಲೆಗಳು ಫೋನಿನಲ್ಲೂ ಸಿಗುತ್ತವೆ. ಆದರೂ ಕಾಗದದ ಫೈಲು ಬಿಡಬೇಡಿ. ಹೋದ ಕಡೆಯೆಲ್ಲ ನೆಟ್‌ವರ್ಕ್ ಇರುವುದಿಲ್ಲ.

ಯಾವ ಕಾಯಿಲೆಗೆ ಎಲ್ಲಿಗೆ ಹೋಗಬೇಕು?

ಜ್ವರ, ಕೆಮ್ಮು, ಬೇಧಿ, ಗಾಯ, ಬಿಪಿ, ಶುಗರ್, ಚುಚ್ಚುಮದ್ದು, ಬಸುರಿಯ ಮಾಮೂಲಿ ತಪಾಸಣೆ ಇದಕ್ಕೆಲ್ಲ ಪಿಎಚ್‌ಸಿ ಅಥವಾ ನಿಮ್ಮ ಮಾಮೂಲಿ ಡಾಕ್ಟರ್. ಸಿಸೇರಿಯನ್, ಮೂಳೆ ಮುರಿತ, ಮಕ್ಕಳ ಜೋರು ಉಬ್ಬಸ ಇಂಥದ್ದಕ್ಕೆ ತಾಲ್ಲೂಕು ಆಸ್ಪತ್ರೆ. ಅದಕ್ಕೂ ಮೇಲಿನದಕ್ಕೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ, ಅಲ್ಲಿ ಬೇರೆ ಬೇರೆ ವಿಭಾಗದ ತಜ್ಞರು ಸಿಗುತ್ತಾರೆ.

ದೊಡ್ಡಾಸ್ಪತ್ರೆಯ ಓಪಿಡಿಗೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ಹೋದರೆ ರಕ್ತ ಪರೀಕ್ಷೆಯ ರಿಪೋರ್ಟು ಅವತ್ತೇ ಸಿಗದೆ ಮಾರನೇ ದಿನ ಮತ್ತೆ ಬರಬೇಕಾಗಬಹುದು. ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವರಿಗೆ ಇದು ಕಷ್ಟ, ಗೊತ್ತು. ಬೆಳಗ್ಗೆಯೇ ಅವರಿಗೆ ಕೂಲಿ. ಅಂಥವರು ಊರಿನ ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿಕೊಂಡು ಬರೆಸಿಟ್ಟುಕೊಳ್ಳಿ. ದೊಡ್ಡಾಸ್ಪತ್ರೆಗೆ ಹೋಗುವ ಸಲ ಕಡಿಮೆಯಾಗುತ್ತದೆ.

ಸೀದಾ ಸ್ಪೆಷಲಿಸ್ಟ್ ಹತ್ತಿರ ಹೋದರೆ ಬೇಗ ವಾಸಿಯಾಗುತ್ತೆ ಅಲ್ವಾ?

ಎಲ್ಲ ಸಲ ಇಲ್ಲ. ತಲೆನೋವು ಅಂತ ನರದ ಡಾಕ್ಟರ್ ಹತ್ತಿರ ಹೋಗುತ್ತೀರಿ. ಸ್ಕ್ಯಾನಿಂಗ್ ಆಗುತ್ತದೆ, ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಕೊನೆಗೆ ಕಾರಣ ಕಣ್ಣಿನ ನಂಬರೋ, ಬಿಪಿಯೋ ಆಗಿರುತ್ತದೆ. ಎದೆ ಉರಿಗೆ ಹೃದಯದ ಡಾಕ್ಟರ್, ಸೊಂಟನೋವಿಗೆ ಮೂಳೆ ಡಾಕ್ಟರ್, ಸುಸ್ತಿಗೆ ಇನ್ನೊಬ್ಬರು ಅಂತ ಮೂರು ಕಡೆ ತಿರುಗಿದರೆ ಮೂರು ಚೀಟಿ ಸೇರುತ್ತವೆ. ಒಂದೇ ನೋವಿನ ಮಾತ್ರೆ ಎರಡು ಕಂಪನಿಯ ಹೆಸರಿನಲ್ಲಿ ಎರಡೂ ಚೀಟಿಯಲ್ಲಿ ಇರಬಹುದು. ಈ ಮೂರೂ ಚೀಟಿ ಪಕ್ಕಪಕ್ಕ ಇಟ್ಟು ನೋಡುವವರು ಒಬ್ಬರು ಬೇಕು. ಮೊದಲು ಮಾಮೂಲಿ ಡಾಕ್ಟರಿಗೆ ತೋರಿಸಿ, ಅವರು ಬರೆದುಕೊಟ್ಟ ಕಾಗದ ಹಿಡಿದು ಸ್ಪೆಷಲಿಸ್ಟ್ ಹತ್ತಿರ ಹೋಗಿ. ವಾಪಸ್ ಬಂದ ಮೇಲೆ ಮತ್ತೆ ಅವರಿಗೇ ತೋರಿಸಿ.

ರಾತ್ರಿ ಹೊತ್ತು ಜೋರಾಗಿ ಹುಷಾರು ತಪ್ಪಿದರೆ?

108ಕ್ಕೆ ಫೋನ್ ಮಾಡಿ. ಆರೋಗ್ಯ ಕವಚ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ, ದುಡ್ಡು ಕೊಡಬೇಕಾಗಿಲ್ಲ. ಊರಿನ ಹೆಸರು ಹೇಳುವಾಗ ಹೋಬಳಿ, ಹತ್ತಿರದ ದೊಡ್ಡ ಊರು, ಗುಡಿಯೋ ಶಾಲೆಯೋ ಒಂದು ಗುರುತು ಹೇಳಿ. ಒಂದೇ ಹೆಸರಿನ ಹಳ್ಳಿ ನಮ್ಮಲ್ಲಿ ಎರಡು ಮೂರು ಇರುತ್ತವೆ. ಒಬ್ಬರು ಟಾರ್ಚ್ ಹಿಡಿದು ಮುಖ್ಯ ರಸ್ತೆಗೆ ಹೋಗಿ ನಿಲ್ಲಲಿ.

ಇವು ಬಂದರೆ ಬೆಳಗಾಗಲಿ ಅಂತ ಕಾಯಲೇಬಾರದು: ಎದೆ ಹಿಂಡಿದ ಹಾಗೆ ನೋವು, ಅದು ಎಡಗೈಗೋ ದವಡೆಗೋ ಹರಿಯುವುದು, ಜೊತೆಗೆ ಬೆವರು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು. ಉಸಿರು ಸಿಗದಿರುವುದು. ಫಿಟ್ಸ್ ನಿಲ್ಲದಿರುವುದು. ಮಗು ಹಾಲು ಕುಡಿಯದೆ ಮಂಪರಾಗಿರುವುದು. ಬಸುರಿಗೆ ರಕ್ತ ಹೋಗುವುದು.

ಎದೆನೋವನ್ನು ಗ್ಯಾಸ್ ಅಂತ ಸೋಡಾ ಕುಡಿದು ಮಲಗುವುದು ನಮ್ಮ ಕಡೆ ತುಂಬಾ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅದನ್ನು ಹೃದ್ರೋಗ ತಜ್ಞರಿಗೆ ಕಳಿಸಿ ತೋರಿಸುತ್ತಾರೆ. ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಸಾವಿರಾರು ರೂಪಾಯಿಯ ಇಂಜೆಕ್ಷನ್ ಅದು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗೋಣ ಅಂತ ಕಾರು ಹುಡುಕುತ್ತಾ ಕೂರುವುದಕ್ಕಿಂತ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಲಕ್ವ ಹೊಡೆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆ ಮಾತ್ರ ಸಮಯ. ಅದಕ್ಕೂ ಮೊದಲು ತಲೆಯ ಸಿಟಿ ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದದ್ದು ಎಷ್ಟು ಹೊತ್ತಿಗೆ ಅಂತ ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ. ನಾಟಿ ಎಣ್ಣೆ ತಿಕ್ಕಿಸಲು ಹೋದರೆ ಆ ಸಮಯ ಕಳೆದುಹೋಗುತ್ತದೆ.

ಹಾವು ಕಚ್ಚಿದರೆ, ನಾಯಿ ಕಚ್ಚಿದರೆ?

ಹಾವಿಗೆ: ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಲ್ಲಿ ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಸೀದಾ ಸರ್ಕಾರಿ ಆಸ್ಪತ್ರೆ. ವಿಷಕ್ಕೆ ಮದ್ದು ಅಲ್ಲಿ ಉಚಿತ. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚುತ್ತದೆ, ನೋವೇ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲು ಆಗುತ್ತಿಲ್ಲ ಅಂದರೆ ಹಾವು ಕಾಣಿಸದಿದ್ದರೂ ಹೊರಡಿ.

ನಾಯಿಗೆ: ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಅವತ್ತೇ ಮೊದಲ ಚುಚ್ಚುಮದ್ದು ಹಾಕಿಸಿ. ಮುಂದಿನ ಡೋಸುಗಳ ತಾರೀಖು ಚೀಟಿಯಲ್ಲಿ ಬರೆದಿರುತ್ತದೆ, ಒಂದನ್ನೂ ಬಿಡಬೇಡಿ. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಮದ್ದೂ ಬೇಕು, ಅದನ್ನು ಕೇಳಿ. ರೇಬಿಸ್ ಬಂದ ಮೇಲೆ ಔಷಧಿ ಇಲ್ಲ.

ಬಿಪಿಎಲ್ ಕಾರ್ಡ್ ಇದೆ. ಖಾಸಗಿ ಆಸ್ಪತ್ರೆಯಲ್ಲೂ ಉಚಿತವಾಗಿ ನೋಡ್ತಾರಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. 5 ಲಕ್ಷ ಅನ್ನುವುದು ಇಡೀ ಮನೆಗೆ ಸೇರಿ, ಒಬ್ಬೊಬ್ಬರಿಗಲ್ಲ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದಲ್ಲಿ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಎಪಿಎಲ್‌ನವರಿಗೆ ಏನೂ ಇಲ್ಲ ಅಂದುಕೊಂಡು ತುಂಬಾ ಜನ ಕೇಳುವುದೇ ಇಲ್ಲ.

ಜನ ಎಡವುವುದು ರೆಫರಲ್ ವಿಷಯದಲ್ಲಿ. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ಅವರು ರೆಫರಲ್ ಬರೆದುಕೊಡುತ್ತಾರೆ. ಆ ಕಾಗದ ಹಿಡಿದು ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ತುರ್ತು ಪರಿಸ್ಥಿತಿಗೆ ಮಾತ್ರ ರೆಫರಲ್ ಬೇಕಾಗಿಲ್ಲ. ಆಸ್ಪತ್ರೆಗೆ ಕಾಲಿಟ್ಟ ತಕ್ಷಣ, ಈ ಯೋಜನೆಯ ಕಾಗದಪತ್ರಕ್ಕೆ ಸಹಾಯ ಮಾಡುವ ಆರೋಗ್ಯ ಮಿತ್ರ ಎಲ್ಲಿ ಕೂತಿರುತ್ತಾರೆ ಅಂತ ಕೇಳಿ. ರೇಷನ್ ಕಾರ್ಡ್, ಆಧಾರ್ ಎರಡೂ ಜೊತೆಗಿರಲಿ. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ವೆಂಕಟಮ್ಮ, ಇನ್ನೊಂದರಲ್ಲಿ ವೆಂಕಟಲಕ್ಷ್ಮಮ್ಮ ಅಂತ ಇದ್ದರೆ ಆಪರೇಷನ್ ಹೊತ್ತಿಗೆ ಒದ್ದಾಡಬೇಕಾಗುತ್ತದೆ. ಇವತ್ತೇ ಸರಿ ಮಾಡಿಸಿ.

ಈ ಯೋಜನೆ ಹೆಚ್ಚಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ಖಾಸಗಿ ಕ್ಲಿನಿಕ್ಕಿನ ಫೀಸು, ಹೊರಗಿನ ಔಷಧಿ ಇದರಲ್ಲಿ ಬರುವುದಿಲ್ಲ. ಹಾಲಿನ ಡೈರಿ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬೇರೆ ಇದೆ. ನೋಂದಣಿಗೆ ಕೊನೇ ತಾರೀಖು ಇರುತ್ತದೆ, ಸಂಘದ ಕಾರ್ಯದರ್ಶಿಯನ್ನು ಆಗಾಗ ವಿಚಾರಿಸಿ.

ಸೂಜಿ ಹಾಕದಿದ್ದರೆ, ಗ್ಲೂಕೋಸ್ ಏರಿಸದಿದ್ದರೆ ವಾಸಿ ಆಗಲ್ಲ ಅಂತಾರೆ. ನಿಜಾನಾ?

ಇಲ್ಲ. ಬಾಯಲ್ಲಿ ನುಂಗಲು ಆಗುವವರಿಗೆ ಮಾಮೂಲಿ ಜ್ವರಕ್ಕೆ ಮಾತ್ರೆಯೇ ಸಾಕು. ಒಂದು ಬಾಟ್ಲಿ ಗ್ಲೂಕೋಸಿನಲ್ಲಿ ಇರುವುದು ನೀರು, ಸಕ್ಕರೆ ಅಥವಾ ಉಪ್ಪು. ವಾಂತಿ ನಿಲ್ಲದೆ ನಿತ್ರಾಣ ಆದವರಿಗೆ ಅದು ಜೀವ ಉಳಿಸುತ್ತದೆ. ಕೂಲಿ ಮಾಡಿ ಸುಸ್ತಾದವರಿಗೆ ಏನೂ ಮಾಡುವುದಿಲ್ಲ. ಶುಗರ್ ಇರುವವರಿಗೆ ಕೇಳದೆ ಏರಿಸಿದರೆ ಶುಗರ್ ಇನ್ನೂ ಏರುತ್ತದೆ.

ಸೂಜಿ ಹಾಕಿದ ತಕ್ಷಣ ಹಾಯ್ ಅನ್ನಿಸುವುದಕ್ಕೆ ಕಾರಣ ಬಹಳ ಸಲ ನೋವಿನ ಔಷಧಿ ಅಥವಾ ಸ್ಟೀರಾಯ್ಡ್. ಪದೇ ಪದೇ ಹಾಕಿಸಿಕೊಂಡರೆ ಕಿಡ್ನಿ, ಹೊಟ್ಟೆ, ಮೂಳೆ ಹಾಳಾಗುತ್ತವೆ. 'ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ' ಅಂತ ನಾವೇ ಒತ್ತಾಯ ಮಾಡುವುದನ್ನು ಮೊದಲು ಬಿಡಬೇಕು. ಮಾತ್ರೆ ಬರೆದು ಕಳಿಸಿದ ಡಾಕ್ಟರ್ ಕೈಗುಣ ಚೆನ್ನಾಗಿಲ್ಲ ಅಂತ ಮಾತಾಡುವುದು ಅನ್ಯಾಯ.

ಊರಿಗೆ ಬರುವ ಡಾಕ್ಟರ್ ನಿಜವಾದ ಡಾಕ್ಟರಾ ಅಂತ ತಿಳಿಯೋದು ಹೇಗೆ?

ಖಾಸಗಿ ಕ್ಲಿನಿಕ್ ನಡೆಸಲು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು. ಆ ನೋಂದಣಿ ಪತ್ರ ಕಾಣುವ ಹಾಗೆ ಹಾಕಿರಬೇಕು. ಡಾಕ್ಟರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಚೀಟಿಯ ಮೇಲೆ ಅದು ಇರಬೇಕು. ಚೀಟಿಯನ್ನೇ ಕೊಡದೆ, ಪೊಟ್ಟಣದಲ್ಲಿ ಬಿಡಿ ಮಾತ್ರೆ ಕಟ್ಟಿಕೊಟ್ಟು, ಬಂದವರಿಗೆಲ್ಲ ಸೂಜಿ ಹಾಕುವವರಿಂದ ದೂರ ಇರಿ. ಅನುಮಾನ ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಮೆಡಿಕಲ್ ಶಾಪಿನವರನ್ನು ಕೇಳಿ ಮಾತ್ರೆ ತಗೊಂಡರೆ ಫೀಸು ಉಳಿಯುತ್ತಲ್ಲ?

ಪ್ಯಾರಾಸಿಟಮಾಲ್, ಓಆರ್‌ಎಸ್ ಸರಿ. ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಮಾತ್ರೆ ಡಾಕ್ಟರ್ ಚೀಟಿ ಇಲ್ಲದೆ ಬೇಡ. ಎರಡು ದಿನ ಆಂಟಿಬಯೋಟಿಕ್ ನುಂಗಿ ಬಿಟ್ಟರೆ ಮುಂದಿನ ಸಲ ಅದೇ ಮಾತ್ರೆ ನಾಟುವುದಿಲ್ಲ. ದುಡ್ಡು ಉಳಿಸಬೇಕಾದರೆ ಡಾಕ್ಟರ್ ಬರೆದ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ. ಅದೇ ಔಷಧಿ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ.

ಶುಗರ್, ಬಿಪಿ ಮಾತ್ರೆ ಶುರು ಮಾಡಿದರೆ ಬಿಡೋಕಾಗಲ್ಲವಂತೆ. ಈಗ ನಾರ್ಮಲ್ ಬಂದಿದೆ, ನಿಲ್ಲಿಸಲಾ?

ನಾರ್ಮಲ್ ಬಂದಿರುವುದು ಮಾತ್ರೆಯಿಂದ. ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಬಿಪಿ ಜಾಸ್ತಿ ಆದರೆ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ತಲೆ ತಿರುಗಿದರೆ ಮಾತ್ರ ಬಿಪಿ ಅಂತ ತಿಳಿದವರು ಲಕ್ವ ಹೊಡೆದ ಮೇಲೆ ಆಸ್ಪತ್ರೆ ನೋಡುತ್ತಾರೆ.

ಶುಗರ್ ಇರುವವರು ಖಾಲಿ ಹೊಟ್ಟೆಯ ಶುಗರ್ ಜೊತೆಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ವರ್ಷಕ್ಕೊಂದು ಸಲ ಕಣ್ಣಿನ ಒಳಪರದೆ, ಕಿಡ್ನಿ ಪರೀಕ್ಷೆ. ದಿನಾ ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದಾಗ ಜಾಲಿ ಮುಳ್ಳು ಚುಚ್ಚಿದ್ದು ಶುಗರ್ ಇರುವವರಿಗೆ ಗೊತ್ತಾಗದೇ ಇರಬಹುದು. ಅಲ್ಲಿಂದಲೇ ಹುಣ್ಣು ಶುರುವಾಗುತ್ತದೆ.

ಮನೆ ಬಾಗಿಲಿಗೇ ಬಂದು 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಅದರಲ್ಲಿದೆ. ಅವರು ಬಂದಾಗ 'ನಮಗೇನೂ ಇಲ್ಲಮ್ಮ' ಅಂತ ವಾಪಸ್ ಕಳಿಸಬೇಡಿ.

ಹೆಂಗಸರ ಕಾಯಿಲೆ ಗಂಡು ಡಾಕ್ಟರ್ ಹತ್ತಿರ ಹೇಳಿಕೊಳ್ಳಲು ಮುಜುಗರ. ಏನು ಮಾಡೋದು?

ಮುಜುಗರ ಸಹಜ. ಅದಕ್ಕಾಗಿ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳಬೇಡಿ. ಮೊದಲು ಉಪಕೇಂದ್ರದ ಸಿಸ್ಟರ್ ಹತ್ತಿರ ಅಥವಾ ಆಶಾ ಅಕ್ಕನ ಹತ್ತಿರ ಹೇಳಿ. ಲೇಡಿ ಡಾಕ್ಟರ್ ಎಲ್ಲಿ, ಯಾವ ದಿನ ಸಿಗುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಗಂಡು ಡಾಕ್ಟರ್ ಪರೀಕ್ಷೆ ಮಾಡುವಾಗ ಸಿಸ್ಟರ್ ಜೊತೆಗಿರಲಿ ಅಂತ ಕೇಳುವ ಹಕ್ಕು ನಿಮಗಿದೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಎದೆಯಲ್ಲಿ ಗಂಟು ಸಿಕ್ಕರೆ ಆ ವಾರದಲ್ಲೇ ತೋರಿಸಿ.

ಬಸುರಿಯರು ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಮಾಡಿಸಿ, ಎಲ್ಲೇ ಹೋದರೂ ಜೊತೆಗಿಟ್ಟುಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ. ತವರಿಗೆ ಬಾಣಂತನಕ್ಕೆ ಹೋಗುವವರು ಅಲ್ಲಿಯ ಪಿಎಚ್‌ಸಿಯಲ್ಲೂ ಹೆಸರು ಬರೆಸಬೇಕು. ಕೊನೇ ತಿಂಗಳು ಹೊಸ ಊರಲ್ಲಿ, ಹೊಸ ಡಾಕ್ಟರ್ ಮುಂದೆ, ಕಾರ್ಡ್ ಇಲ್ಲದೆ ನಿಂತರೆ ಇಬ್ಬರಿಗೂ ಅಪಾಯ.

ಮಕ್ಕಳ ಹಲ್ಲು ಕಂದು ಬಣ್ಣ, ದೊಡ್ಡವರಿಗೆ ಕೀಲುನೋವು. ಇದಕ್ಕೆ ಯಾರಿಗೆ ತೋರಿಸೋದು?

ಮೊದಲು ನೀರು ನೋಡಿ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಬಹಳ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಜಾಸ್ತಿಯಾಗುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರು ಬಳಸಿ. ಮುದ್ದೆಯ ಎಸರಿಗೆ, ಸಾರಿಗೆ ಬೋರ್ ನೀರು ಹಾಕಿದರೆ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ. ಕೀಲುನೋವು ಅಂತ ಡಾಕ್ಟರಿಗೆ ತೋರಿಸುವಾಗ ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ ಅಂತಲೂ ಹೇಳಿ. ಹೊರಗಿನಿಂದ ಬಂದ ಡಾಕ್ಟರಿಗೆ ನಮ್ಮ ನೀರಿನ ವಿಷಯ ಹೊಳೆಯದೇ ಇರಬಹುದು.

ಬೆಂಗಳೂರಿಗೆ ಯಾವಾಗ ಹೋಗಬೇಕು?

ಇಲ್ಲಿಯ ಡಾಕ್ಟರ್ ಬರೆದುಕೊಟ್ಟಾಗ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ನಮ್ಮ ಕಡೆಯವರಿಗೆ ದಾರಿಯಲ್ಲೇ ಸಿಗುತ್ತದೆ, ಅಲ್ಲಿ ಚಿಕಿತ್ಸೆ ಉಚಿತ. ಬಂಗಾರಪೇಟೆ, ಕೆಜಿಎಫ್ ಕಡೆಯವರು ಕುಪ್ಪಂಗೆ, ಮುಳಬಾಗಿಲಿನವರು ವೆಲ್ಲೂರಿಗೆ ಹೋಗುವುದೂ ಇದೆ. ಗಡಿ ದಾಟುವ ಮುಂಚೆ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಹೊರಡುವ ಮುಂಚೆ ಇಲ್ಲಿಯ ರಿಪೋರ್ಟೆಲ್ಲ ತಗೊಳ್ಳಿ. ಇಲ್ಲದಿದ್ದರೆ ಅವೇ ಪರೀಕ್ಷೆ ಮತ್ತೆ ಮಾಡಿಸುತ್ತಾರೆ.

ನಿದ್ದೆ ಬರಲ್ಲ, ಬದುಕೇ ಬೇಡ ಅನ್ನಿಸುತ್ತೆ. ಇದನ್ನೂ ಡಾಕ್ಟರಿಗೆ ಹೇಳಬಹುದಾ?

ಹೇಳಲೇಬೇಕು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಟೆಲಿ ಮನಸ್ ಅಂತ ಅದರ ಹೆಸರು. ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಬೆಳೆ ಹೋಗಿ, ಸಾಲ ತಲೆಮೇಲೆ ಬಂದು ಒಬ್ಬರೇ ಕೂತು ಯೋಚಿಸುವವರು ಮನೆಯಲ್ಲಿದ್ದರೆ, ಅವರ ಪಕ್ಕ ಕೂತು ನೀವೇ ನಂಬರ್ ಒತ್ತಿ ಫೋನ್ ಕೈಗೆ ಕೊಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಕೈಗೆ ಸಿಗದ ಹಾಗೆ ಎತ್ತಿಡಿ.

ಡಾಕ್ಟರ್ ಮುಂದೆ ಕೂತರೆ ಎಲ್ಲ ಮರೆತು ಹೋಗುತ್ತೆ.

ಎಲ್ಲರಿಗೂ ಹಾಗೇ. ಒಂದು ಚೀಟಿಯಲ್ಲಿ ಮೊದಲೇ ಬರೆದುಕೊಳ್ಳಿ: ಏನು ತೊಂದರೆ, ಯಾವತ್ತಿನಿಂದ, ಯಾವಾಗ ಜಾಸ್ತಿ. ಮುಖ್ಯವಾದದ್ದನ್ನು ಮೊದಲು ಹೇಳಿ, ಎದ್ದು ಬಾಗಿಲ ಹತ್ತಿರ ಹೋಗಿ 'ಅಂದಹಾಗೆ ಎದೆನೋವೂ ಇದೆ' ಅನ್ನಬೇಡಿ. ಹೊರಡುವಾಗ ಮೂರು ಮಾತು ಕೇಳಿ: ನನಗೆ ಏನಾಗಿದೆ, ಈ ಮಾತ್ರೆ ಎಷ್ಟು ದಿನ, ಏನಾದರೆ ಬೇಗ ವಾಪಸ್ ಬರಬೇಕು.

ಅಪ್ಪ ಅಮ್ಮ ಊರಲ್ಲಿ, ನಾವು ಬೆಂಗಳೂರಲ್ಲಿ. ಅವರಿಗೆ ಹುಷಾರಿಲ್ಲದಾಗ ಏನು ಮಾಡೋದು?

ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆಸಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸುತ್ತೇವೆ ಅಂತ ಮಕ್ಕಳು ಹೇಳುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಸಂಶಯ ಇಲ್ಲ. ಆದರೆ ನಡುವಿನ ಆ ಎರಡು ತಿಂಗಳು ಅವರನ್ನು ನೋಡುವವರು ಊರಿನಲ್ಲೇ ಇರಬೇಕು. ಮುಂದಿನ ಸಲ ಹಬ್ಬಕ್ಕೆ ಹೋದಾಗ ಒಂದು ದಿನ ಜಾಸ್ತಿ ಉಳಿದು, ಅಪ್ಪ ಅಮ್ಮನನ್ನು ಕರೆದುಕೊಂಡು ಅಲ್ಲಿಯ ಪಿಎಚ್‌ಸಿ ಡಾಕ್ಟರ್ ಅಥವಾ ಹತ್ತಿರದ ಕ್ಲಿನಿಕ್ಕಿನವರನ್ನು ನೋಡಿ ಬನ್ನಿ. ಬೆಂಗಳೂರಿನ ಚೀಟಿ ತೋರಿಸಿ, ನಿಮ್ಮ ಫೋನ್ ನಂಬರ್ ಕೊಡಿ. ಆಶಾ ಅಕ್ಕನ ನಂಬರ್ ತಗೊಳ್ಳಿ. ವಾರದ ಮಾತ್ರೆ ಹಾಕಿಡುವ, ಖಾನೆ ಇರುವ ಡಬ್ಬಿ ತಂದುಕೊಡಿ, ಅದರಲ್ಲಿ ಉಳಿದ ಮಾತ್ರೆ ನೋಡಿದರೆ ಯಾವ ಹೊತ್ತಿನದು ತಪ್ಪಿದೆ ಅಂತ ಗೊತ್ತಾಗುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರ್ ಪಕ್ಕ ದಪ್ಪ ಅಕ್ಷರದಲ್ಲಿ 108, ಡಾಕ್ಟರ್ ನಂಬರ್, ಪಕ್ಕದ ಮನೆಯವರ ನಂಬರ್ ಬರೆದು ಅಂಟಿಸಿ. ರಾತ್ರಿ ಕರೆದರೆ ಬರುವ ಆಟೋದವರ ನಂಬರನ್ನೂ ಅದರ ಕೆಳಗೆ ಸೇರಿಸಿ, ಅವರ ಹತ್ತಿರ ಮೊದಲೇ ಒಂದು ಮಾತು ಹೇಳಿಟ್ಟು ಬನ್ನಿ.